ಗೆಲಾಕ್ಸಿಗಳ ಸುತ್ತಲಿನ ಅನಿಲ: ಅದನ್ನು ಓದಬಲ್ಲ ಕಣ್ಣು ಹಳತಾಗುತ್ತಿದೆ

ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಸರಾಸರಿ ಒಂದರಿಂದ ಎರಡು ಸೂರ್ಯರಷ್ಟು ಅನಿಲ ಹೊಸ ನಕ್ಷತ್ರಗಳಾಗಿ ಮಾರ್ಪಡುತ್ತಿದೆ. ಅದರ ತಟ್ಟೆಯಲ್ಲಿ ಈಗಿರುವ ಅನಿಲದ ದಾಸ್ತಾನನ್ನು ಈ ಖರ್ಚಿನಿಂದ ಭಾಗಿಸಿದರೆ ಕೆಲವು ನೂರು ಕೋಟಿ ವರ್ಷಗಳಲ್ಲಿ ಎಲ್ಲವೂ ಮುಗಿದುಹೋಗಬೇಕು. ಆದರೆ ಆಕಾಶಗಂಗೆ ಸಾವಿರ ಕೋಟಿ ವರ್ಷಗಳಿಗೂ ಹೆಚ್ಚು ಕಾಲದಿಂದ ನಕ್ಷತ್ರಗಳನ್ನು ಹುಟ್ಟಿಸುತ್ತಲೇ ಬಂದಿದೆ. ಅಂದರೆ ಹೊರಗಿನಿಂದ ಅನಿಲ ಒಳಗೆ ಬರುತ್ತಿರಬೇಕು. ಇನ್ನೊಂದು ಲೆಕ್ಕವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ನಕ್ಷತ್ರಗಳು ತಮ್ಮ ಒಡಲಲ್ಲಿ ತಯಾರಿಸಿದ ಇಂಗಾಲ, ಆಮ್ಲಜನಕ, ಕಬ್ಬಿಣದಂಥ ಭಾರ ಧಾತುಗಳನ್ನೆಲ್ಲ ಕೂಡಿಸಿ, ಇಂದು ಗೆಲಾಕ್ಸಿಯ ನಕ್ಷತ್ರ, ಅನಿಲ, ಧೂಳುಗಳಲ್ಲಿ ಸಿಗುವುದನ್ನು ಕಳೆದರೆ, ಒಳಗೆ ಉಳಿದಿರುವುದು ಸುಮಾರು ಕಾಲುಭಾಗ ಮಾತ್ರ. ಮಿಕ್ಕದ್ದು ಸೂಪರ್‌ನೋವಾ ಸ್ಫೋಟಗಳ ಹೊಡೆತಕ್ಕೆ ಹೊರಗೆ ಹೋಗಿದೆ.

ಬರುವುದು, ಹೋಗುವುದು ಎರಡೂ ನಡೆಯುವ ಜಾಗವೆಂದರೆ ಗೆಲಾಕ್ಸಿಯ ನಕ್ಷತ್ರಗಳು ಮುಗಿದ ಮೇಲೆ ಲಕ್ಷಾಂತರ ಜ್ಯೋತಿರ್ವರ್ಷಗಳವರೆಗೆ ಹರಡಿಕೊಂಡಿರುವ ಅತಿ ವಿರಳವಾದ ಅನಿಲಾವರಣ. ಕಳೆದ ಹದಿನೈದು ವರ್ಷಗಳಲ್ಲಿ ಈ ಅನಿಲದ ಬಗ್ಗೆ ನಮಗೆ ತಿಳಿದಿರುವುದರ ಬಹುಪಾಲು ಹಬಲ್ ದೂರದರ್ಶಕದಲ್ಲಿರುವ ಒಂದೇ ಒಂದು ಉಪಕರಣದಿಂದ ಬಂದಿದೆ. ಆ ದೂರದರ್ಶಕ 2024ರ ಜೂನ್‌ನಿಂದ ದಿಕ್ಕಿನ ಬದಲಾವಣೆಯನ್ನು ಅಳೆಯುವ ಒಂದೇ ಗೈರೊಸ್ಕೋಪ್‌ ನೆಚ್ಚಿಕೊಂಡು ಕೆಲಸ ಮಾಡುತ್ತಿದೆ. ಅದು ನಿಂತ ಮೇಲೆ ಮುಂದೇನು ಎಂಬ ಪ್ರಶ್ನೆ ಬೆಂಗಳೂರಿಗೆ ದೂರದ ಸುದ್ದಿಯಲ್ಲ. ಕೋರಮಂಗಲ, ಸದಾಶಿವನಗರ, ಹೊಸಕೋಟೆಗಳಲ್ಲಿ ಇದಕ್ಕೆ ನೇರವಾಗಿ ಸಂಬಂಧಿಸಿದ ಕೆಲಸ ನಡೆದಿದೆ, ನಡೆಯುತ್ತಿದೆ.

ಈ ಅನಿಲ ಎಷ್ಟು ವಿರಳವೆಂದರೆ, ಅನೇಕ ಕಡೆ ಒಂದು ಲೀಟರ್ ಜಾಗದಲ್ಲಿ ಒಂದು ಪರಮಾಣು ಇದ್ದರೆ ಅದೇ ಹೆಚ್ಚು. ನಾವು ಉಸಿರಾಡುವ ಗಾಳಿಯ ಒಂದು ಲೀಟರಿನಲ್ಲಿ ಅಣುಗಳ ಸಂಖ್ಯೆ ಎರಡರ ಮುಂದೆ ಇಪ್ಪತ್ತೆರಡು ಸೊನ್ನೆ ಹಾಕಿದಷ್ಟು. ಇಂಥ ಅನಿಲ ತಾನಾಗಿ ಸೂಸುವ ಬೆಳಕು ಅತ್ಯಂತ ಕ್ಷೀಣ. ಏಕೆಂದರೆ ಬೆಳಕು ಹೊಮ್ಮಬೇಕಾದರೆ ಬಹುಮಟ್ಟಿಗೆ ಕಣಗಳು ಒಂದಕ್ಕೊಂದು ಎದುರಾಗಬೇಕು, ಹಾಗಾಗಿ ಹೊಳಪು ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಾಂದ್ರತೆ ನೂರು ಪಟ್ಟು ತಗ್ಗಿದರೆ ಹೊಳಪು ಹತ್ತು ಸಾವಿರ ಪಟ್ಟು ತಗ್ಗುತ್ತದೆ. ಬೆಳಕನ್ನು ಹೀರುವ ವಿಷಯದಲ್ಲಿ ಹಾಗಲ್ಲ. ಹಿಂದಿನಿಂದ ಬರುವ ಕಿರಣದ ದಾರಿಯಲ್ಲಿ ಒಟ್ಟು ಎಷ್ಟು ಪರಮಾಣುಗಳಿವೆ ಎಂಬುದಷ್ಟೇ ಅಲ್ಲಿ ಮುಖ್ಯ. ದಾರಿ ಲಕ್ಷಾಂತರ ಜ್ಯೋತಿರ್ವರ್ಷ ಉದ್ದವಿರುವುದರಿಂದ, ಲೀಟರಿಗೊಂದು ಪರಮಾಣುವಿದ್ದರೂ ಕೂಡುತ್ತ ಕೂಡುತ್ತ ಅಳೆಯಬಹುದಾದ ಮೊತ್ತವಾಗುತ್ತದೆ.

ಆ ಹಿಂದಿನ ಬೆಳಕನ್ನು ಒದಗಿಸುವುದು ಕ್ವೇಸಾರ್‌ಗಳು. ದೂರದ ಗೆಲಾಕ್ಸಿಯೊಂದರ ನಡುವಿನ ಬೃಹತ್ ಕೃಷ್ಣರಂಧ್ರಕ್ಕೆ ದ್ರವ್ಯ ಬೀಳುವಾಗ ಹೊಮ್ಮುವ ಪ್ರಖರ ಬೆಳಕು ನೂರಾರು ಕೋಟಿ ಜ್ಯೋತಿರ್ವರ್ಷಗಳನ್ನು ದಾಟಿ ನಮ್ಮನ್ನು ತಲುಪುತ್ತದೆ. 3ಸಿ 273 ಎಂಬ ಕ್ವೇಸಾರಿನ ಕೆಂಪು ಪಲ್ಲಟವನ್ನು, ಅಂದರೆ ವಿಶ್ವದ ವಿಸ್ತರಣೆಯಿಂದ ಅದರ ಬೆಳಕು ಕೆಂಪಿನ ಕಡೆಗೆ ಎಷ್ಟು ಜರುಗಿದೆ ಎಂಬುದನ್ನು, ಮಾರ್ಟನ್ ಷ್ಮಿಟ್ 1963ರಲ್ಲಿ ಗುರುತಿಸಿದಾಗಲೇ ಇವು ಎಷ್ಟು ದೂರದವು ಎಂಬುದು ತಿಳಿದದ್ದು. ಕ್ವೇಸಾರ್‌ಗಳ ರೋಹಿತದಲ್ಲಿ, ಅಂದರೆ ತರಂಗಾಂತರಗಳಾಗಿ ಬಿಡಿಸಿಟ್ಟ ಬೆಳಕಿನ ಪಟ್ಟಿಯಲ್ಲಿ, ಕಾಣುವ ಕಿರಿದಾದ ಕಪ್ಪು ಗೆರೆಗಳಲ್ಲಿ ಹಲವು, ನಡುದಾರಿಯ ಗೆಲಾಕ್ಸಿಗಳ ವಿಶಾಲ ಅನಿಲಾವರಣದಿಂದ ಬಂದವು ಎಂದು ಜಾನ್ ಬಾಕಾಲ್ ಮತ್ತು ಲೈಮನ್ ಸ್ಪಿಟ್ಜರ್ 1969ರಲ್ಲಿ ಸೂಚಿಸಿದರು. ಆಗ ಅದಕ್ಕೆ ನೇರ ಸಾಕ್ಷ್ಯವಿರಲಿಲ್ಲ. ಗೆರೆಗೂ ಗೆಲಾಕ್ಸಿಗೂ ಗಂಟುಹಾಕುವ ಕೆಲಸ ಮೆಗ್ನೀಸಿಯಮ್ ಗೆರೆಗಳ ಮೂಲಕ ಗಟ್ಟಿಯಾಗಿ ನಡೆದದ್ದು 1990ರ ದಶಕದ ಆರಂಭದಲ್ಲಿ.

ಗೆರೆಯೊಂದನ್ನು ಓದುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಮೆಗ್ನೀಸಿಯಮ್, ಬೆಳಕನ್ನು 279.6 ಮತ್ತು 280.4 ನ್ಯಾನೊಮೀಟರ್ ತರಂಗಾಂತರಗಳಲ್ಲಿ ಜೋಡಿಯಾಗಿ ಹೀರುತ್ತದೆ. ವಿಶ್ವದ ವಿಸ್ತರಣೆಯಿಂದ ಎರಡೂ ಕೆಂಪಿನ ಕಡೆಗೆ ಜರುಗುತ್ತವೆ, ಆದರೆ ಅವುಗಳ ನಡುವಿನ ಅನುಪಾತ ಕದಲುವುದಿಲ್ಲ. ಹಾಗಾಗಿ ಗೆರೆಗಳು ಕಿಕ್ಕಿರಿದ ರೋಹಿತದಲ್ಲಿಯೂ ಈ ಜೋಡಿಯನ್ನು ಹೆಕ್ಕಬಹುದು. ಜೋಡಿ ಎಷ್ಟು ಜರುಗಿದೆ ಎಂಬುದು ಅನಿಲ ಯಾವ ಗೆಲಾಕ್ಸಿಗೆ ಸೇರಿದ್ದು ಎಂಬುದನ್ನು ಹೇಳುತ್ತದೆ. ಗೆಲಾಕ್ಸಿಯ ಸ್ವಂತ ವೇಗಕ್ಕೆ ಹೋಲಿಸಿದರೆ ಗೆರೆ ಒಂದಿಷ್ಟು ಸರಿದಿದ್ದರೆ ಅನಿಲದ ಚಲನೆ ಗೊತ್ತಾಗುತ್ತದೆ. ಗೆರೆಯ ಆಳದಿಂದ ಪರಮಾಣುಗಳ ಎಣಿಕೆ ಸಿಗುತ್ತದೆ. ಅಗಲದಿಂದ ತಾಪ ಮತ್ತು ಕಲಕಾಟದ ಅಂದಾಜು ಸಿಗುತ್ತದೆ. ಯಾವ ಧಾತು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ ಎಂಬುದೂ ತಾಪವನ್ನೇ ಸೂಚಿಸುತ್ತದೆ. ಮೆಗ್ನೀಸಿಯಮ್ ಗೆರೆ ಸುಮಾರು ಹತ್ತು ಸಾವಿರ ಡಿಗ್ರಿಯ ಅನಿಲವನ್ನು ತೋರಿಸಿದರೆ, ಐದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವು ಸಾಮಾನ್ಯವಾಗಿ ಮೂರು ಲಕ್ಷ ಡಿಗ್ರಿಯ ಆಸುಪಾಸಿನದ್ದನ್ನು ತೋರಿಸುತ್ತದೆ.

ಇಲ್ಲಿ ಒಂದು ವಿಚಿತ್ರ ತೊಡಕಿದೆ. ಈ ವಿಧಾನಕ್ಕೆ ಅತ್ಯಂತ ಮುಖ್ಯವಾದ ಗೆರೆಗಳೆಲ್ಲ ನೇರಳಾತೀತದಲ್ಲಿವೆ. ಹೈಡ್ರೋಜನ್ನಿನ ಲೈಮನ್ ಆಲ್ಫಾ 121.6 ನ್ಯಾನೊಮೀಟರಿನಲ್ಲಿ, ಆಮ್ಲಜನಕದ ಜೋಡಿ 103 ಮತ್ತು 104ರ ಹತ್ತಿರ, ಇಂಗಾಲದ ಜೋಡಿ 155ರ ಆಸುಪಾಸಿನಲ್ಲಿ. ಭೂಮಿಯ ವಾತಾವರಣ ಸುಮಾರು 300 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕನ್ನು ನೆಲಕ್ಕೆ ಬಿಡುವುದಿಲ್ಲ. ನಮ್ಮ ಚರ್ಮವನ್ನು ಕಾಯುವ ಓಝೋನ್ ಪದರವೇ ಇಲ್ಲಿ ಅಡ್ಡಿ. ಬಹು ದೂರದ ಗೆಲಾಕ್ಸಿಗಳಾದರೆ ಅವುಗಳ ಲೈಮನ್ ಆಲ್ಫಾ ಕೆಂಪಿನ ಕಡೆಗೆ ಸಾಕಷ್ಟು ಜರುಗಿ ಗೋಚರ ಬೆಳಕಿನ ಅಂಚಿಗೆ ಬಂದುಬಿಡುತ್ತದೆ, ನೆಲದ ಮೇಲಿನ ದೂರದರ್ಶಕಕ್ಕೂ ಸಿಗುತ್ತದೆ. ಆದ್ದರಿಂದಲೇ 900 ಕೋಟಿ ವರ್ಷಕ್ಕೂ ಹಿಂದಿನ ವಿಶ್ವದ ಅನಿಲದ ಬಗ್ಗೆ ಖಗೋಳ ವಿಜ್ಞಾನಿಗಳಿಗೆ 1970ರ ದಶಕದಿಂದಲೇ ಮಾಹಿತಿ ದೊರೆಯುತ್ತಿತ್ತು, ನಮ್ಮ ನೆರೆಹೊರೆಯ ಅನಿಲ ಮಾತ್ರ ಕೈಗೆ ಸಿಗದೆ ಉಳಿಯಿತು. ಲಡಾಖಿನ ಹಾನ್ಲೆಯ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ 4,500 ಮೀಟರ್ ಎತ್ತರದಲ್ಲಿದ್ದರೂ ಈ ವಿಷಯದಲ್ಲಿ ಅದಕ್ಕೆ ವಿನಾಯಿತಿ ಇಲ್ಲ, ಏಕೆಂದರೆ ಓಝೋನ್ ಇರುವುದು ಅದಕ್ಕಿಂತ ಬಹಳ ಮೇಲೆ. ಹತ್ತಿರದ ಗೆಲಾಕ್ಸಿಗಳ ಅನಿಲವನ್ನು ಸರಿಯಾಗಿ ಓದಬೇಕಾದರೆ ವಾತಾವರಣದಾಚೆಗೆ ಹೋಗುವುದು ಅನಿವಾರ್ಯ.

2009ರ ಮೇ ತಿಂಗಳಲ್ಲಿ ಅಟ್ಲಾಂಟಿಸ್ ನೌಕೆಯ ಗಗನಯಾತ್ರಿಗಳು ಹಬಲ್‌ಗೆ ಅಳವಡಿಸಿದ ಕಾಸ್ಮಿಕ್ ಒರಿಜಿನ್ಸ್ ಸ್ಪೆಕ್ಟ್ರೋಗ್ರಾಫ್, ಸಂಕ್ಷಿಪ್ತವಾಗಿ ಕಾಸ್, ಈ ಕೆಲಸಕ್ಕೆಂದೇ ರೂಪಿಸಿದ ರೋಹಿತಲೇಖಿ. ಅದರ ಮೊದಲ ದೊಡ್ಡ ಸಮೀಕ್ಷೆಗಳಲ್ಲೊಂದಾದ ಕಾಸ್-ಹೇಲೋಸ್ ಆರಿಸಿಕೊಂಡದ್ದು ಸುಮಾರು 0.2 ಕೆಂಪು ಪಲ್ಲಟದ ಗೆಲಾಕ್ಸಿಗಳನ್ನು. ಆ ದೂರದಲ್ಲಿ ಆಮ್ಲಜನಕದ ಜೋಡಿ 124 ನ್ಯಾನೊಮೀಟರಿನ ಹತ್ತಿರಕ್ಕೆ ಜರುಗಿ, ಕಾಸ್‌ನ ಸಂವೇದನೆ ಚೆನ್ನಾಗಿರುವ ಭಾಗಕ್ಕೆ ಬೀಳುತ್ತದೆ.

ಒಂದು ಗೆಲಾಕ್ಸಿಯ ಹಿಂದೆ ಸರಿಯಾದ ಜಾಗದಲ್ಲಿ, ನೇರಳಾತೀತದಲ್ಲಿ ಸಾಕಷ್ಟು ಪ್ರಖರವಾದ ಕ್ವೇಸಾರ್ ಸಿಗುವುದು ಒಂದೇ ಒಂದು, ಅದೂ ಅದೃಷ್ಟವಿದ್ದರೆ. ಆ ಒಂದು ಕಿರಣ ಆ ಗೆಲಾಕ್ಸಿಯ ವಿಶಾಲ ಅನಿಲಾವರಣವನ್ನು ಒಂದು ಕಡೆ ಮಾತ್ರ ಚುಚ್ಚಿಕೊಂಡು ಬರುತ್ತದೆ. ವೈಟ್‌ಫೀಲ್ಡಿನ ಒಂದು ಕೊಳವೆಬಾವಿಯಲ್ಲಿ ನೀರು ಎಷ್ಟು ಅಡಿಗೆ ಸಿಕ್ಕಿತೆಂದು ನೋಡಿ ಇಡೀ ಬೆಂಗಳೂರಿನ ಅಂತರ್ಜಲದ ಬಗ್ಗೆ ತೀರ್ಪು ಕೊಡಲಾಗದಂತೆ, ಒಂದು ಕಿರಣದಿಂದ ಒಂದು ಗೆಲಾಕ್ಸಿಯ ಚಿತ್ರ ಬಿಡಿಸಲಾಗದು. ಆದ್ದರಿಂದ ಒಂದೇ ಬಗೆಯ ಹತ್ತಾರು ಗೆಲಾಕ್ಸಿಗಳನ್ನು ಆರಿಸಿ, ಒಂದೊಂದನ್ನು ಒಂದೊಂದು ದೂರದಲ್ಲಿ ಹಾದುಬರುವ ಕಿರಣಗಳನ್ನು ಒಟ್ಟುಗೂಡಿಸಿ, ಸರಾಸರಿ ಗೆಲಾಕ್ಸಿಯೊಂದರ ಚಿತ್ರವನ್ನು ಕಟ್ಟಲಾಗುತ್ತದೆ. ಈ ಕ್ಷೇತ್ರದ ಬಹುತೇಕ ಫಲಿತಾಂಶಗಳ ಬಲವೂ ಇದೇ, ಮಿತಿಯೂ ಇದೇ.

2011ರಲ್ಲಿ ಪ್ರಕಟವಾದ ಕಾಸ್-ಹೇಲೋಸ್ ಫಲಿತಾಂಶ ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯಂತ ಪ್ರಮುಖ ತಿರುವು. ನಕ್ಷತ್ರಗಳು ಇನ್ನೂ ಹುಟ್ಟುತ್ತಿರುವ 30 ಗೆಲಾಕ್ಸಿಗಳಲ್ಲಿ 27ರ ಸುತ್ತ ಬಿಸಿ ಆಮ್ಲಜನಕದ ಗೆರೆ ಸಿಕ್ಕಿತು. ನಕ್ಷತ್ರ ಹುಟ್ಟುವುದು ನಿಂತುಹೋದ 12 ಗೆಲಾಕ್ಸಿಗಳಲ್ಲಿ ಅದು ಕಂಡದ್ದು ಕೇವಲ 4ರಲ್ಲಿ. ಗೆಲಾಕ್ಸಿಯ ಕೇಂದ್ರದಿಂದ ಸುಮಾರು 5 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರುವ ಅನಿಲಕ್ಕೆ, ಒಳಗಿನ ತಟ್ಟೆಯಲ್ಲಿ ನಕ್ಷತ್ರ ಹುಟ್ಟುತ್ತಿದೆಯೋ ಇಲ್ಲವೋ ಎಂಬುದರೊಂದಿಗೆ ಇಷ್ಟು ಬಿಗಿಯಾದ ನಂಟಿದೆಯೆಂದರೆ, ಅದನ್ನು ಗೆಲಾಕ್ಸಿಯ ಹೊರಗಿನ ವಸ್ತುವೆಂದು ನೋಡುವುದೇ ತಪ್ಪಾಗುತ್ತದೆ. ಹೀಗೆ ಹೊರಗಿರುವ ಆಮ್ಲಜನಕದ ಮೊತ್ತ, ಗೆಲಾಕ್ಸಿಯ ಒಳಗಿನ ಅನಿಲದಲ್ಲಿರುವುದಕ್ಕೆ ಸರಿಸಾಟಿಯಾಗುವಷ್ಟಿದೆ.

ಇದರಿಂದ ಒಂದು ಸರಳ ತೀರ್ಮಾನಕ್ಕೆ ಬರಬಹುದಾಗಿತ್ತು: ಮುದಿ ಗೆಲಾಕ್ಸಿಗಳ ಸುತ್ತ ಅನಿಲವಿಲ್ಲ, ಆದ್ದರಿಂದಲೇ ಅಲ್ಲಿ ನಕ್ಷತ್ರ ಹುಟ್ಟುತ್ತಿಲ್ಲ. ಆದರೆ ಅದೇ ಸಮೀಕ್ಷೆ ಮರುವರ್ಷವೇ ಆ ದಾರಿಯನ್ನು ಮುಚ್ಚಿತು. ಮುದಿ ಗೆಲಾಕ್ಸಿಗಳ ಸುತ್ತಲೂ ತಂಪಾದ ಹೈಡ್ರೋಜನ್ ಧಾರಾಳವಾಗಿ ಕಂಡುಬಂತು. ಅಂದರೆ ಇಂಧನವಿದೆ, ಆದರೆ ಅದು ಒಳಗೆ ಹೋಗಿ ನಕ್ಷತ್ರವಾಗುತ್ತಿಲ್ಲ. ಯಾಕೆ? ಒಂದು ವಿವರಣೆಯ ಪ್ರಕಾರ, ಈ ಭಾರಿ ಗೆಲಾಕ್ಸಿಗಳ ಅನಿಲಾವರಣ ಎಷ್ಟು ಬಿಸಿಯೆಂದರೆ ಅಲ್ಲಿನ ಆಮ್ಲಜನಕ ಇನ್ನೂ ಹೆಚ್ಚು ಎಲೆಕ್ಟ್ರಾನ್ ಕಳೆದುಕೊಂಡು, ಎಕ್ಸ್-ಕಿರಣದಲ್ಲಿ ಮಾತ್ರ ಕಾಣುವ ಸ್ಥಿತಿಗೆ ಹೋಗಿದೆ. ತಂಪು ಅನಿಲದ ಮೋಡಗಳು ಆ ಬಿಸಿಯ ನಡುವೆ ಕೆಳಗಿಳಿಯುವ ಮುನ್ನವೇ ಕರಗಿಹೋಗುತ್ತವೆ. ಕೇಂದ್ರದ ಕೃಷ್ಣರಂಧ್ರ ಆಗಾಗ ಅದಕ್ಕೆ ಶಾಖ ತುಂಬುತ್ತಿರುತ್ತದೆ ಎಂಬುದು ಇನ್ನೊಂದು ವಿವರಣೆ. ಎರಡೂ ಒಟ್ಟಿಗೆ ನಿಜವಾಗಿರುವುದಕ್ಕೂ ಅಡ್ಡಿಯಿಲ್ಲ.

ಈ ಚರ್ಚೆಗೆ ನಮ್ಮ ಊರಿನ ಕೊಡುಗೆ ಮುಖ್ಯವಾಗಿ ಸಿದ್ಧಾಂತದ ಕಡೆಯಿಂದ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಲೆಕ್ಕಾಚಾರ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಬಿಸಿ ಅನಿಲ ತಣ್ಣಗಾಗಲು ಬೇಕಾದ ಕಾಲವು, ಅದು ಗುರುತ್ವಕ್ಕೆ ಸಿಕ್ಕಿ ಕೇಂದ್ರಕ್ಕೆ ಬೀಳಲು ಬೇಕಾದ ಕಾಲದ ಸುಮಾರು ಹತ್ತು ಪಟ್ಟಿಗಿಂತ ಕಡಿಮೆಯಾದರೆ, ಬಿಸಿ ಅನಿಲದೊಳಗೆ ತಂಪು ಮೋಡಗಳು ಹೆಪ್ಪುಗಟ್ಟುತ್ತವೆ ಎಂಬುದು ಅದರ ಸಾರ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಿಮನ್ ನಾಥ್ ಮತ್ತವರ ತಂಡ ಸೂಪರ್‌ನೋವಾಗಳಿಂದ ಹೊರಹೊಮ್ಮುವ ಗಾಳಿ ಈ ಅನಿಲಾವರಣದಲ್ಲಿ ಎಷ್ಟು ದೂರ ಹೋಗಬಲ್ಲದೆಂಬುದನ್ನು ವರ್ಷಗಳಿಂದ ಲೆಕ್ಕ ಹಾಕುತ್ತ ಬಂದಿದೆ. ಇಂಥ ಸಿದ್ಧಾಂತಗಳನ್ನು ಒರೆಗೆ ಹಚ್ಚಬೇಕಾದರೆ ವೀಕ್ಷಣೆ ಬೇಕು.

ಒಂದು ಗೆಲಾಕ್ಸಿಗೆ ಒಂದೇ ಕಿರಣ ಎಂಬ ಕಷ್ಟದಿಂದ ಪಾರಾಗಲು ಇರುವ ದಾರಿ, ಬಹಳ ಹತ್ತಿರದ ಗೆಲಾಕ್ಸಿಯನ್ನು ಆರಿಸಿಕೊಳ್ಳುವುದು. ಆಂಡ್ರೊಮಿಡಾ ನಮ್ಮಿಂದ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಅನಿಲಾವರಣ ಕಣ್ಣಿಗೆ ಕಾಣುವಂತಿದ್ದರೆ ಆಕಾಶದಲ್ಲಿ ಕೇಂದ್ರದಿಂದ ಎಲ್ಲ ದಿಕ್ಕಿಗೂ ಇಪ್ಪತ್ತು ಡಿಗ್ರಿಗೂ ಹೆಚ್ಚು ಹರಡಿರುತ್ತಿತ್ತು. ಹುಣ್ಣಿಮೆಯ ಚಂದ್ರನ ಅಗಲ ಅರ್ಧ ಡಿಗ್ರಿ ಎಂಬುದನ್ನು ನೆನೆದರೆ ಇದರ ವಿಸ್ತಾರ ಗೊತ್ತಾಗುತ್ತದೆ. ಅಷ್ಟು ದೊಡ್ಡ ಆಕಾಶಭಾಗದ ಹಿಂದೆ ಹಲವು ಕ್ವೇಸಾರ್‌ಗಳು ಸಿಗುತ್ತವೆ. 2020ರಲ್ಲಿ ನಿಕೊಲಾ ಲೆಹ್ನರ್ ನೇತೃತ್ವದ ತಂಡ 43 ಕ್ವೇಸಾರ್‌ಗಳ ಬೆಳಕನ್ನು ಬಳಸಿ ಆಂಡ್ರೊಮಿಡಾದ ಅನಿಲವನ್ನು ಗುರುತಿಸಿತು. ಅದು 13 ಲಕ್ಷ ಜ್ಯೋತಿರ್ವರ್ಷಗಳವರೆಗೆ, ಕೆಲವು ದಿಕ್ಕುಗಳಲ್ಲಿ 20 ಲಕ್ಷದವರೆಗೆ ಹಬ್ಬಿದೆ. ಸುಮಾರು 5 ಲಕ್ಷ ಜ್ಯೋತಿರ್ವರ್ಷದೊಳಗಿನ ಭಾಗ ಹೆಚ್ಚು ಕಲಕಿದ್ದು, ಬಗೆಬಗೆಯ ತಾಪದ ಅನಿಲ ಅಲ್ಲಿ ಬೆರೆತಿದೆ. ಅದರಾಚೆಗಿನದು ಹೆಚ್ಚು ಬಿಸಿ, ಹೆಚ್ಚು ಸಮ. ನಮ್ಮ ಆಕಾಶಗಂಗೆಗೂ ಹೆಚ್ಚುಕಡಿಮೆ ಇಂಥದೇ ಆವರಣವಿದ್ದರೆ, ಎರಡು ಗೆಲಾಕ್ಸಿಗಳ ಅನಿಲಾವರಣಗಳು ಈಗಾಗಲೇ ಒಂದನ್ನೊಂದು ಮುಟ್ಟಿವೆ ಎಂದಾಯಿತು.

ಈ ಕೆಲಸದಲ್ಲಿ ಓದುಗರಿಗೆ ತಟ್ಟನೆ ಹೊಳೆಯದ ಒಂದು ಕಷ್ಟವಿದೆ. ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೆ ಬರುತ್ತಿರುವುದರಿಂದ ಅದರ ಗೆರೆಗಳು ಆಕಾಶಗಂಗೆಯದೇ ಅನಿಲದ ಗೆರೆಗಳ ಪಕ್ಕದಲ್ಲಿ ಬೀಳುತ್ತವೆ. ನಮ್ಮ ನೆರೆಯ ಎರಡು ಪುಟ್ಟ ಗೆಲಾಕ್ಸಿಗಳಾದ ಮೆಗಲಾನಿಕ್ ಗೆಲಾಕ್ಸಿಗಳಿಂದ ಎಳೆದುಬಂದ ಅನಿಲದ ಉದ್ದನೆಯ ಹೊನಲೂ ಅದೇ ಆಕಾಶಭಾಗದಲ್ಲಿ, ಅದೇ ವೇಗದ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಸೆಕೆಂಡಿಗೆ ಇಪ್ಪತ್ತು ಕಿಲೋಮೀಟರಿನಷ್ಟು ಸಣ್ಣ ವ್ಯತ್ಯಾಸವನ್ನೂ ಬಿಡಿಸಿ ತೋರಿಸಬಲ್ಲ ಕಾಸ್‌ನಂಥ ರೋಹಿತಲೇಖಿ ಇಲ್ಲದಿದ್ದರೆ ಯಾವ ಗೆರೆ ಯಾರದ್ದೆಂದು ಹೇಳುವುದೇ ಅಸಾಧ್ಯವಾಗುತ್ತಿತ್ತು. ಮುಂದಿನ ದೂರದರ್ಶಕಗಳ ಬಗ್ಗೆ ಮಾತನಾಡುವಾಗ ಈ ಸಂಖ್ಯೆಯನ್ನು ಮರೆಯಬಾರದು. ಮೆಗಲಾನಿಕ್ ಗೆಲಾಕ್ಸಿಗಳಿಗೇ ಒಂದು ಬಿಸಿ ಅನಿಲದ ಕವಚವಿದೆ ಎಂಬುದನ್ನು 2022ರಲ್ಲಿ 28 ಕ್ವೇಸಾರ್‌ಗಳ ಬೆಳಕಿನಿಂದ ತೋರಿಸಿದ ಅಧ್ಯಯನವೂ ಇದೇ ಬಗೆಯ ಬಿಡಿಸುವಿಕೆಯನ್ನು ನೆಚ್ಚಿಕೊಂಡಿತ್ತು.

ಹಾಗಾದರೆ ಈ ಅನಿಲದ ಒಟ್ಟು ತೂಕವೆಷ್ಟು? ಇಲ್ಲಿ ಎಚ್ಚರಿಕೆ ಬೇಕು. ಆಕಾಶಗಂಗೆಯಂಥ ಗೆಲಾಕ್ಸಿಯ ಒಟ್ಟು ದ್ರವ್ಯರಾಶಿ, ಕಾಣದ ದ್ರವ್ಯವೂ ಸೇರಿ, ಸುಮಾರು ಒಂದು ಲಕ್ಷ ಕೋಟಿ ಸೂರ್ಯರಷ್ಟು. ವಿಶ್ವದ ಸರಾಸರಿಯಂತೆ ಅದರಲ್ಲಿ ಶೇಕಡಾ 16ರಷ್ಟು, ಅಂದರೆ 16,000 ಕೋಟಿ ಸೂರ್ಯರಷ್ಟು, ಸಾಮಾನ್ಯ ದ್ರವ್ಯವಿರಬೇಕು. ನಕ್ಷತ್ರಗಳನ್ನೂ ತಟ್ಟೆಯ ಅನಿಲವನ್ನೂ ಕೂಡಿದರೆ 6,000 ರಿಂದ 7,000 ಕೋಟಿ ಸಿಗುತ್ತದೆ. ಮಿಕ್ಕದ್ದು ಎಲ್ಲಿ ಎಂಬ ಪ್ರಶ್ನೆಗೆ 2014ರಲ್ಲಿ ಕಾಸ್-ಹೇಲೋಸ್ ತಂಡ, ತಂಪು ಅನಿಲವೊಂದೇ 6,500 ಕೋಟಿ ಸೂರ್ಯರಷ್ಟಾದರೂ ಇದೆ ಎಂದಿತು. ಅದೇ ದತ್ತಾಂಶವನ್ನು ಬೇರೆ ಊಹೆಗಳಿಂದ ಲೆಕ್ಕ ಹಾಕಿದವರಿಗೆ ಅದರ ಐದನೆಯ ಒಂದು ಭಾಗವಷ್ಟೇ ಸಿಕ್ಕಿತು. ವ್ಯತ್ಯಾಸದ ಮೂಲ ಅಯಾನೀಕರಣದ, ಅಂದರೆ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿವೆ ಎಂಬ ಲೆಕ್ಕದಲ್ಲಿದೆ. ಈ ಅನಿಲದ ಸಾವಿರ ಹೈಡ್ರೋಜನ್ ಪರಮಾಣುಗಳಲ್ಲಿ ಗೆರೆ ಮೂಡಿಸುವ ಸ್ಥಿತಿಯಲ್ಲಿರುವುದು ಒಂದೋ ಎರಡೋ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಆ ಒಂದರಿಂದ ಉಳಿದ ಸಾವಿರವನ್ನು ಊಹಿಸಬೇಕು. ಮೇಘನಾದ ಸಹಾ 1920ರಲ್ಲಿ ನಕ್ಷತ್ರಗಳ ವಾತಾವರಣಕ್ಕೆ ಕೊಟ್ಟ ಸಮೀಕರಣ ಉಷ್ಣ ಸಮತೋಲನವಿರುವ ಕಡೆ ಸಲ್ಲುತ್ತದೆ. ಇಲ್ಲಿ ಆ ಸಮತೋಲನವಿಲ್ಲ, ಪರಮಾಣುಗಳ ಸ್ಥಿತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ವಿಶ್ವವನ್ನೆಲ್ಲ ತುಂಬಿರುವ ನೇರಳಾತೀತ ಬೆಳಕು. ಅದರ ಪ್ರಮಾಣವನ್ನು ತುಸು ಬದಲಿಸಿದರೂ ಅನಿಲದ ತೂಕ ಬದಲಾಗುತ್ತದೆ. ಕಾಣೆಯಾದ ದ್ರವ್ಯ ಪೂರ್ತಿ ಸಿಕ್ಕಿತು ಎಂಬ ಶೀರ್ಷಿಕೆಗಳನ್ನು ನಾನು ಒಪ್ಪದಿರುವುದು ಈ ಕಾರಣದಿಂದ. ಒಂದೇ ಕಿರಣದಲ್ಲಿ ಹಲವು ಧಾತುಗಳ, ಹಲವು ಅಯಾನುಗಳ ಗೆರೆಗಳನ್ನು ಅಳೆದಷ್ಟೂ ಊಹೆಗೆ ಜಾಗ ಕಡಿಮೆಯಾಗುತ್ತದೆ, ಅದಕ್ಕೆ ನೇರಳಾತೀತದ ಒಳ್ಳೆಯ ರೋಹಿತ ಬೇಕು.

ಕಾಸ್‌ನ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಭೂಮಿಯ ವಾತಾವರಣದ ತುತ್ತತುದಿಯಲ್ಲಿ ತೆಳುವಾಗಿ ಹರಡಿರುವ ಹೈಡ್ರೋಜನ್ ಸೂರ್ಯನ ಬೆಳಕಿಗೆ ಹೊಳೆಯುತ್ತದೆ, ಅದೂ ಲೈಮನ್ ಆಲ್ಫಾ ತರಂಗಾಂತರದಲ್ಲೇ. ಹಬಲ್ ಆ ಹೊಳಪಿನೊಳಗೇ ಸುತ್ತುತ್ತಿರುವುದರಿಂದ, ಕ್ವೇಸಾರ್ ಯಾವುದೇ ಇರಲಿ, ಈ ಬೆಳಕು ಕಾಸ್‌ನ ಸಂವೇದಕದ ಅದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದು ಆ ಭಾಗದ ಶಕ್ತಿಯನ್ನು ಕುಂದಿಸುತ್ತ ಬಂದಿದೆ. ಸಂವೇದಕದ ಮೇಲೆ ರೋಹಿತ ಬೀಳುವ ಜಾಗವನ್ನು ಕೆಲವು ವರ್ಷಗಳಿಗೊಮ್ಮೆ ಸರಿಸಿ, ಸವೆಯದ ಭಾಗವನ್ನು ಬಳಸಿಕೊಳ್ಳುತ್ತ ಕೆಲಸ ಸಾಗಿಸಲಾಗಿದೆ. ಹೀಗೆ ಸರಿಸಲು ಜಾಗ ಅನಂತವಾಗಿಲ್ಲ. ದುರಸ್ತಿಗೆ ಹೋಗುತ್ತಿದ್ದ ಷಟಲ್ ನೌಕೆಗಳು 2011ರಲ್ಲಿ ನಿವೃತ್ತಿಯಾದವು.

ನಾಸಾದ ಯುವೆಕ್ಸ್ ಉಪಗ್ರಹವನ್ನು 2030ರಲ್ಲಿ ಹಾರಿಸುವ ಯೋಜನೆಯಿದೆ. ಅದು ಆಕಾಶವನ್ನೆಲ್ಲ ನೇರಳಾತೀತದಲ್ಲಿ ಚಿತ್ರಿಸುತ್ತದೆ, ಅದರಲ್ಲೊಂದು ರೋಹಿತಲೇಖಿಯೂ ಇರುತ್ತದೆ. ಆದರೆ ಅದರ ಬಿಡಿಸುವ ಸಾಮರ್ಥ್ಯ ಕಾಸ್‌ಗಿಂತ ಬಹಳ ಕಡಿಮೆ. ಆಂಡ್ರೊಮಿಡಾದ ಗೆರೆಯನ್ನು ಆಕಾಶಗಂಗೆಯದರಿಂದ ಬೇರ್ಪಡಿಸುವ ಕೆಲಸ ಅದರಿಂದಾಗದು. ಹಬಲ್‌ಗೆ ನಿಜವಾದ ಉತ್ತರಾಧಿಕಾರಿಯೆಂದು ಹೇಳಲಾಗುತ್ತಿರುವ ಹ್ಯಾಬಿಟಬಲ್ ವರ್ಲ್ಡ್ಸ್ ವೀಕ್ಷಣಾಲಯ 2040ರ ದಶಕದ ಮಾತು.

ಭಾರತದ ಪಾತ್ರ ಬರುವುದು ಈ ನಡುವಿನ ಅವಧಿಯಲ್ಲಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನಲ್ಲಿರುವ ನೇರಳಾತೀತ ದೂರದರ್ಶಕ ಯುವಿಐಟಿಯನ್ನು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಮುನ್ನಡೆಸಿತು. ಅದರ ಜೋಡಣೆ ನಡೆದದ್ದು ಹೊಸಕೋಟೆಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ನೇರಳಾತೀತ ಕನ್ನಡಿಗೆ ದೊಡ್ಡ ಶತ್ರು ಧೂಳಷ್ಟೇ ಅಲ್ಲ. ಅಂಟು, ಬಣ್ಣ, ಪ್ಲಾಸ್ಟಿಕ್ಕುಗಳಿಂದ ಹೊಮ್ಮುವ ಆವಿ ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕುಳಿತರೂ ಸಾಕು, ಗೋಚರ ಬೆಳಕಿನಲ್ಲಿ ಪರಿಪೂರ್ಣವಾಗಿ ಕಾಣುವ ಕನ್ನಡಿ ದೂರ ನೇರಳಾತೀತದಲ್ಲಿ ಕುರುಡಾಗುತ್ತದೆ. ಬಳಸುವ ಪ್ರತಿಯೊಂದು ವಸ್ತುವನ್ನೂ ಈ ದೃಷ್ಟಿಯಿಂದ ಪರೀಕ್ಷಿಸಿ, ಅತಿಶುಚಿ ಕೊಠಡಿಯಲ್ಲಿ ಜೋಡಿಸಿ, ಕಕ್ಷೆಯಲ್ಲಿ ಕೆಲಸ ಮಾಡಿಸಿದ ಅನುಭವ ಇಲ್ಲಿನ ತಂತ್ರಜ್ಞರಿಗಿದೆ. ಅದು ಹಣಕೊಟ್ಟು ತರುವಂಥದ್ದಲ್ಲ. ಯುವಿಐಟಿ ಮಾತ್ರ ಮುಖ್ಯವಾಗಿ ಚಿತ್ರ ತೆಗೆಯುವ ಉಪಕರಣ. 37.5 ಸೆಂಟಿಮೀಟರ್ ಕನ್ನಡಿಯ ಅದರಲ್ಲಿ ಸೂಕ್ಷ್ಮ ಹೀರಿಕೆ ಗೆರೆಗಳನ್ನು ಅಳೆಯುವ ವ್ಯವಸ್ಥೆ ಇಲ್ಲ.

ಅದೇ ಸಂಸ್ಥೆ ಪ್ರಸ್ತಾಪಿಸಿರುವ ಇನ್‌ಸಿಸ್ಟ್ ಯೋಜನೆಯಲ್ಲಿ ಒಂದು ಮೀಟರ್ ವರ್ಗದ ಕನ್ನಡಿಯೂ ರೋಹಿತ ತೆಗೆಯುವ ಸಾಧನವೂ ಇವೆ. ಅದು ಸುಮಾರು 150 ನ್ಯಾನೊಮೀಟರಿನಿಂದ ಗೋಚರ ಬೆಳಕಿನವರೆಗಿನ ವ್ಯಾಪ್ತಿಗೆಂದು ಯೋಚಿಸಿದ ದೂರದರ್ಶಕ. ನಮ್ಮ ವಿಷಯಕ್ಕೆ ಇದರ ಅರ್ಥವೇನೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. 150ರಿಂದ ಆರಂಭವಾದರೆ ನೆರೆಯ ಗೆಲಾಕ್ಸಿಗಳ ಲೈಮನ್ ಆಲ್ಫಾ ಸಿಗುವುದಿಲ್ಲ, ಆಮ್ಲಜನಕವಂತೂ ಇಲ್ಲವೇ ಇಲ್ಲ. ಆದರೆ ಇಂಗಾಲದ ಜೋಡಿಯೂ ಮೆಗ್ನೀಸಿಯಮ್ ಜೋಡಿಯೂ ಪೂರ್ತಿಯಾಗಿ ಸಿಗುತ್ತವೆ. ಬಿಸಿ ಮತ್ತು ತಂಪು ಅನಿಲಗಳ ನಡುವಿನ ಮೇಳವನ್ನು ಅಷ್ಟರಿಂದಲೂ ಓದಬಹುದು, ರೋಹಿತಲೇಖಿಯ ಬಿಡಿಸುವ ಸಾಮರ್ಥ್ಯ ಸಾಕಷ್ಟಿದ್ದರೆ. ಕಾಸ್‌ನ ಜಾಗವನ್ನು ಇದು ತುಂಬಲಾರದು. ಹಬಲ್‌ನ 2.4 ಮೀಟರ್ ಕನ್ನಡಿಗೆ ಕಾಣುವ ಮಂಕು ಕ್ವೇಸಾರ್‌ಗಳು ಒಂದು ಮೀಟರಿಗೆ ಕಾಣುವುದಿಲ್ಲ. ಆದರೂ ಆಂಡ್ರೊಮಿಡಾದಂಥ ನೆರೆಯವುಗಳ ಹಿಂದಿರುವ ಪ್ರಖರ ಕ್ವೇಸಾರ್‌ಗಳಿಗೆ ವಾರಗಟ್ಟಲೆ ಸಮಯ ಕೊಡುವ ಸ್ವಾತಂತ್ರ್ಯ, ಅರ್ಜಿಗಳ ನೂಕುನುಗ್ಗಲಿರುವ ಹಬಲ್‌ಗೆ ಎಂದೂ ಇರಲಿಲ್ಲ. ಚಿತ್ರ ತೆಗೆಯುವ ಶಕ್ತಿಗೆ ಕೊಡುವಷ್ಟೇ ಬೆಲೆಯನ್ನು ರೋಹಿತದ ಸೂಕ್ಷ್ಮತೆಗೂ ಕೊಡಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕಾಗಿ. ವಿನ್ಯಾಸದ ಹಂತದಲ್ಲಿ ಬಿಟ್ಟದ್ದನ್ನು ಕಕ್ಷೆಗೆ ಹೋದ ಮೇಲೆ ಸೇರಿಸಲಾಗದು.

ಉಪಗ್ರಹಕ್ಕೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಮ್ಮಿನ ಜೋಡಿ ಗೆರೆಗಳು 393 ಮತ್ತು 397 ನ್ಯಾನೊಮೀಟರಿನಲ್ಲಿ, ಅಂದರೆ ನೆಲಕ್ಕೆ ತಲುಪುವ ಬೆಳಕಿನಲ್ಲಿಯೇ ಇವೆ. ಒಂದೊಂದು ಕ್ವೇಸಾರಿನ ರೋಹಿತದಲ್ಲಿ ಅವು ಕಾಣದಷ್ಟು ಮಂಕು. 2013ರಲ್ಲಿ ಗುವಾಂಗ್‌ಟುನ್ ಝು ಮತ್ತು ಬ್ರೀಸ್ ಮೆನಾರ್, ಸ್ಲೋನ್ ಸಮೀಕ್ಷೆಯ ಸುಮಾರು ಹತ್ತು ಲಕ್ಷ ಹತ್ತಿರದ ಗೆಲಾಕ್ಸಿಗಳನ್ನು ಒಂದು ಲಕ್ಷ ಕ್ವೇಸಾರ್‌ಗಳ ಜೊತೆ ತಾಳೆ ಹಾಕಿ, ರೋಹಿತಗಳನ್ನು ಒಂದರ ಮೇಲೊಂದು ಕೂಡಿಸಿ, ಆರು ಲಕ್ಷ ಜ್ಯೋತಿರ್ವರ್ಷಗಳವರೆಗೂ ಕ್ಯಾಲ್ಸಿಯಮ್ ಇದೆಯೆಂದು ತೋರಿಸಿದರು. 2025ರ ಮಾರ್ಚಿನಲ್ಲಿ ಡೆಸಿ ಸಮೀಕ್ಷೆ ಎಲ್ಲರಿಗೂ ಮುಕ್ತವಾಗಿ ಬಿಡುಗಡೆ ಮಾಡಿದ ದತ್ತಾಂಶದಲ್ಲಿ 16 ಲಕ್ಷ ಕ್ವೇಸಾರ್‌ಗಳ ರೋಹಿತಗಳಿವೆ. ಬೆಂಗಳೂರಿನ ಯಾವುದೇ ಕಾಲೇಜಿನ ಭೌತವಿಜ್ಞಾನ ವಿಭಾಗ ಒಂದು ಒಳ್ಳೆಯ ಕಂಪ್ಯೂಟರ್ ಇಟ್ಟುಕೊಂಡು ಇದೇ ಬಗೆಯ ಲೆಕ್ಕ ಮಾಡಬಹುದು. ಆದರೆ ಕೂಡಿಸುವ ವಿಧಾನ ಸರಾಸರಿಯನ್ನಷ್ಟೇ ಕೊಡುತ್ತದೆ, ಕ್ಯಾಲ್ಸಿಯಮ್ ಒಟ್ಟು ಅನಿಲದ ಸಣ್ಣ ಪಾಲನ್ನಷ್ಟೇ ತೋರಿಸುತ್ತದೆ.

ಹಬಲ್‌ನ ವೀಕ್ಷಣಾ ಸಮಯಕ್ಕೆ ಯಾವ ದೇಶದ ವಿಜ್ಞಾನಿಯಾದರೂ ಅರ್ಜಿ ಹಾಕಬಹುದು. ಹತ್ತಿರದ ಗೆಲಾಕ್ಸಿಗಳ ಹಿಂದಿರುವ, ನೇರಳಾತೀತದಲ್ಲಿ ಪ್ರಖರವಾದ, ಇನ್ನೂ ರೋಹಿತ ತೆಗೆಯದ ಕ್ವೇಸಾರ್‌ಗಳನ್ನು ನಾಸಾದ ಹಿಂದಿನ ನೇರಳಾತೀತ ಉಪಗ್ರಹ ಗ್ಯಾಲೆಕ್ಸ್ ಮತ್ತು ಯುವಿಐಟಿ ಚಿತ್ರಗಳಿಂದ ಪಟ್ಟಿ ಮಾಡಿ, ಕಾಸ್ ಕೆಲಸ ಮಾಡುತ್ತಿರುವಾಗಲೇ ಅವುಗಳಿಗೆ ಸಮಯ ಕೇಳುವುದು ಈಗ ಎಲ್ಲಕ್ಕಿಂತ ತುರ್ತಾದ ಕೆಲಸ. ಕಾಸ್ ನಿಲ್ಲುವ ಮುನ್ನ ಸಂಗ್ರಹವಾಗುವ ಕಿರಣಗಳನ್ನೇ ಇಟ್ಟುಕೊಂಡು ಮುಂದಿನ ಹದಿನೈದು ಇಪ್ಪತ್ತು ವರ್ಷ ಸಿದ್ಧಾಂತಿಗಳು ಕೆಲಸ ಮಾಡಬೇಕಾಗಬಹುದು.